ಕೂಸಿನ ಅರಿವೆ ಒಗೆಯುವವರು ಯಾರು?

ಮನೆಗೆ ಮಗು ಬರುತ್ತದೆಂದರೆ ನಮ್ಮ ಭಾಗದ ಹಿರಿಯರು ಮೊದಲು ಹುಡುಕುತ್ತಿದ್ದುದು ಅಜ್ಜಿಯ ಹಳೆಯ ಸೀರೆಯನ್ನು, ಅಜ್ಜನ ಸವೆದ ಧೋತರವನ್ನು. ಒಗೆದು ಒಗೆದು ಮೆತ್ತಗಾದ ಆ ಹತ್ತಿಯ ಅರಿವೆಯೇ ಕೂಸಿನ ಲಂಗೋಟಿಯಾಗುತ್ತಿತ್ತು; ಉಳಿದ ತುಂಡುಗಳು ಕೌದಿ ಸೇರುತ್ತಿದ್ದವು. ಇಂದು ಕೊಪ್ಪಳ, ಗಂಗಾವತಿ ಪೇಟೆಗಳಲ್ಲಷ್ಟೇ ಅಲ್ಲ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಕಿರಾಣಿ ಅಂಗಡಿಗಳಲ್ಲಿಯೂ ಡೈಪರ್ ಸಿಗುತ್ತದೆ. 1961ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಪ್ಯಾಂಪರ್ಸ್’ ಎಂಬ ಒಂದು ಬ್ರ್ಯಾಂಡಿನ ಹೆಸರು ನಮ್ಮ ತಾಯಂದಿರ ಬಾಯಲ್ಲಿ ಎಲ್ಲ ಡೈಪರ್‌ಗಳ ಹೆಸರೇ ಆಗಿಬಿಟ್ಟಿದೆ. ಅಂಗಡಿಯಿಂದ ಮನೆಗೆ ಬಂದಷ್ಟು ಸುಲಭವಾಗಿ ಈ ವಸ್ತು ಮನೆಯಿಂದ ಹೋಗುವುದಿಲ್ಲ ಎಂಬುದೇ ನನ್ನ ತಕರಾರು.

ಒಂದು ಡೈಪರನ್ನು ಹರಿದು ನೋಡಿರಿ. ಹೊರಗೆ ಪ್ಲಾಸ್ಟಿಕ್ ಹಾಳೆ, ಒಳಗೆ ಪ್ಲಾಸ್ಟಿಕ್ ನಾರಿನ ಪದರ, ನಡುವೆ ಮರದ ತಿರುಳು ಮತ್ತು ನೀರನ್ನು ಹೀರಿ ಲೋಳೆಯಾಗಿ ಉಬ್ಬುವ ರಾಸಾಯನಿಕದ ಹರಳು. ತಿರುಳು ಕೊಳೆತೀತು, ಪ್ಲಾಸ್ಟಿಕ್ ಕೊಳೆಯದು. ಸುಡಹೋದರೆ ಹಸಿಯಾದುದರಿಂದ ಪೂರ್ತಿ ಉರಿಯದು. ಹೊಗೆ ಮಾತ್ರ ಅದೇ ಮಗುವಿನ ಮೂಗಿಗೆ ಬಡಿಯುತ್ತದೆ. ದಿನಕ್ಕೆ ಐದರಂತೆ ಹಿಡಿದರೂ ಎರಡು ವರ್ಷಕ್ಕೆ 3,650 ಡೈಪರ್. ಒಂದಕ್ಕೆ ಹತ್ತು ರೂಪಾಯಿಯೆಂದರೆ 36,500 ರೂಪಾಯಿ. ಕೂಲಿಯ ಮನೆಯೊಂದು ಇಷ್ಟು ಹಣವನ್ನು ತಿಪ್ಪೆಗೆ ಸುರಿಯುವುದು ಸಣ್ಣ ಮಾತೇ?

ತಿಪ್ಪೆಗೆ ಹೋದದ್ದು ಅಲ್ಲಿಯೇ ನಿಲ್ಲುವುದೂ ಇಲ್ಲ. ನಾಯಿ, ಹಂದಿ ಅದನ್ನು ಎಳೆದಾಡುತ್ತವೆ. ಕಾಲುವೆಗೆ ಎಸೆದದ್ದು ಗದ್ದೆಗೆ ಸೇರುತ್ತದೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯಿಂದ ಹೊರಡುವ ಎಡದಂಡೆಯ ನೀರು ಗಂಗಾವತಿಯ ಭತ್ತವನ್ನು ಬೆಳೆಸುತ್ತದೆ. ನಮ್ಮ ಅನ್ನವನ್ನು ಬೆಳೆಸುವ ನೀರಿಗೆ ನಮ್ಮ ಮಕ್ಕಳ ಮಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಾಕುವುದು ಯಾವ ವಿವೇಕ?

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ನಮ್ಮಲ್ಲಿ ಎಷ್ಟು ಮನೆಗಳು ಹಾಗೆ ಮಾಡಿವೆ? ಊಟದ ಎಂಜಲಿನೊಡನೆ ಬೆರೆತ ಡೈಪರನ್ನು ಪೌರಕಾರ್ಮಿಕರು ಕೈಯಿಂದಲೇ ಬೇರ್ಪಡಿಸಬೇಕಾಗುತ್ತದೆ. ಮನುಷ್ಯರಿಂದ ಮಲ ಎತ್ತಿಸುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿತು. ಮುಂಬಾಗಿಲಿನಿಂದ ಹೊರಹಾಕಿದ ಆ ಪಾಪವನ್ನು ನಾವು ಹಿಂಬಾಗಿಲಿನಿಂದ, ಸುವಾಸನೆಯ ಪೊಟ್ಟಣದಲ್ಲಿ ಕಟ್ಟಿ ಒಳಗೆ ತಂದಿದ್ದೇವೆ.

“ಸ್ವಾಮಿ, ಬಟ್ಟೆ ಒಗೆಯಲು ನೀರು ಬೇಡವೇ? ಅದಕ್ಕೂ ಪ್ರಕೃತಿಯೇ ಬೆಲೆ ತೆರಬೇಕಲ್ಲವೇ?” ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷದ ಬಳಕೆಗೆ ಹೊರಬೀಳುವ ಇಂಗಾಲದ ಲೆಕ್ಕ ಎರಡರಲ್ಲಿಯೂ ಹೆಚ್ಚುಕಡಿಮೆ ಸಮವೇ ಇತ್ತು: ಡೈಪರಿಗೆ ಸುಮಾರು 550 ಕಿಲೋ, ಬಟ್ಟೆಗೆ 570 ಕಿಲೋ. ಆದರೆ ಬಟ್ಟೆಯ ಲೆಕ್ಕವನ್ನು ಏರಿಸಿದ್ದು ಮುಖ್ಯವಾಗಿ ಒಗೆಯುವ ಮತ್ತು ಒಣಗಿಸುವ ಯಂತ್ರಗಳ ವಿದ್ಯುತ್ತು. ಯಂತ್ರವನ್ನು ತುಂಬಿಸಿ ಒಗೆದು, ಬಯಲಿನಲ್ಲಿ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಹೊರೆ ಶೇಕಡಾ 40ರಷ್ಟು ಇಳಿಯುತ್ತದೆಂದು ಅದೇ ಅಧ್ಯಯನ ಹೇಳಿತು. ಕೊಪ್ಪಳದ ಬಿಸಿಲಿನಲ್ಲಿ ಅರಿವೆ ಒಣಗಿಸಲು ವಿದ್ಯುತ್ತು ಬೇಕೇ? ಅಕ್ಕನ ಲಂಗೋಟಿಯನ್ನು ತಮ್ಮನಿಗೆ ಕಟ್ಟುವುದನ್ನು ನಮಗೆ ಬ್ರಿಟನ್ನಿನವರು ಕಲಿಸಬೇಕೇ?

ನೀರಿನ ಮಾತು ಮಾತ್ರ ಹಗುರವಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಮಳೆಯನ್ನು ಕಾಯುವ ಸೀಮೆ; ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಕಾಟ ಬೇರೆ. ಅಲ್ಲಿ ಒಂದು ಕೊಡ ನೀರೆಂದರೆ ಒಬ್ಬ ಹೆಣ್ಣುಮಗಳ ಸೊಂಟದ ಭಾರ. ಅವಳ ಮುಂದೆ ನಿಂತು “ಬಟ್ಟೆಯನ್ನೇ ಬಳಸು, ಭೂಮಿಯನ್ನು ಉಳಿಸು” ಎಂದು ಉಪದೇಶಿಸಿ ಮನೆಗೆ ಮರಳುವುದು ಸುಲಭ. ನನ್ನಂಥ ಉಪದೇಶಿಗಳಿಗಂತೂ ಇನ್ನೂ ಸುಲಭ. ಭತ್ತದ ನಾಟಿಗೆ ಹೋಗಿ ಸಂಜೆ ಬಂದು ಒಲೆ ಹಚ್ಚುವ ತಾಯಿ ರಾತ್ರಿಗೊಂದು ಡೈಪರ್ ಕಟ್ಟಿದರೆ ಅವಳನ್ನು ದೂರುವ ಅಧಿಕಾರ ಯಾರಿಗೂ ಇಲ್ಲ.

ಆದುದರಿಂದ ನನ್ನ ಮಾತು ತಾಯಂದಿರಿಗಿಂತ ಮೊದಲು ತಂದೆಯರಿಗೆ. ಡೈಪರ್ ಕಂಪನಿ ನಿಜವಾಗಿ ಮಾರುತ್ತಿರುವುದು ಪ್ಲಾಸ್ಟಿಕನ್ನಲ್ಲ, ನಿಮ್ಮ ಬಿಡುವನ್ನು. ಮಗುವಿನ ಅರಿವೆಯನ್ನು ಹಿಂಡಲು ನೀವು ಕೈಹಾಕಿದ ದಿನ ಅದರ ವ್ಯಾಪಾರದ ಬೇರು ಸಡಿಲಾಗುತ್ತದೆ. ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಯನ್ನು ಕಣ್ತುಂಬಿಕೊಂಡು ಬರುವ ಗಂಡಸು, ಮರುದಿನ ತನ್ನ ಕೂಸಿನ ಲಂಗೋಟಿಯನ್ನು ಕಂಡು ಮೂಗು ಮುಚ್ಚಿಕೊಂಡರೆ ಆ ವಿಧಿಯಿಂದ ಅವನು ಕಲಿತದ್ದೇನು? ಜಗದ್ಗುರು ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಳಸಿ ಎಸೆಯುವ ಸಂಸ್ಕೃತಿಯನ್ನು ಖಂಡಿಸಿದರು. ಆ ಸಂಸ್ಕೃತಿಗೆ ಉತ್ತರ ಬಚ್ಚಲಿನಲ್ಲಿಯೂ ಸಿಗಬೇಕು.

ಮಾಡಬೇಕಾದದ್ದು ಕಷ್ಟವಲ್ಲ. ಮನೆಯಲ್ಲಿರುವಾಗ ಅರಿವೆ, ಪ್ರಯಾಣಕ್ಕೆ, ಕಾಯಿಲೆಗೆ, ತೀರಾ ಅಗತ್ಯವಾದ ರಾತ್ರಿಗೆ ಮಾತ್ರ ಡೈಪರ್. ಎರಡರಲ್ಲಿಯೂ ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿರಿ. ಅರಿವೆಗಳನ್ನು ಕೂಡಿಸಿ ಒಮ್ಮೆಲೇ ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹರವಿರಿ. ಆ ನೀರು ಕಾಲುವೆಗಾಗಲಿ ಕೊಳವೆಬಾವಿಯ ಬಳಿಗಾಗಲಿ ಹರಿಯದಿರಲಿ. ಡೈಪರ್ ಬಳಸಿದರೆ ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಬೇರೆಯಾಗಿಯೇ ಕೊಡಿರಿ. ಜ್ಞಾನಸ್ನಾನಕ್ಕೆ ಉಡುಗೊರೆ ತರುವ ಬಂಧುಗಳು ಪ್ಲಾಸ್ಟಿಕ್ ಆಟಿಕೆಯ ಬದಲು, ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಂದ ಎರಡು ಡಜನ್ ಹತ್ತಿಯ ಲಂಗೋಟಿಗಳನ್ನು ಹೊಲಿಸಿ ತರಲಿ. ಹೊಲಿಗೆಯ ಕೂಲಿಯನ್ನು ಚೌಕಾಸಿ ಮಾಡದೆ ಕೊಡಲಿ.

ಮಗುವಿನ ಹೊಲಸು ಯಾರಾದರೊಬ್ಬರ ಕೈಗೆ ಬರಲೇಬೇಕು. ಅದು ಪೌರಕಾರ್ಮಿಕನ ಕೈಯಾಗದಿರಲಿ, ದಣಿದ ತಾಯಿಯ ಕೈಯೊಂದೇ ಆಗದಿರಲಿ. ಮಗುವಿಗೆ ತನ್ನ ಹೆಸರು ಕೊಟ್ಟ ತಂದೆ ತನ್ನ ಎರಡು ಕೈಗಳನ್ನೂ ಕೊಡಲಿ.