ಖಾಲಿ ಕುರ್ಚಿಗೆ ದರವೆಷ್ಟು? ಇಂಗ್ಲೆಂಡಿನ ಕೆಳ ಲೀಗ್ ಕ್ಲಬ್‌ಗಳ ಟಿಕೆಟ್ ಲೆಕ್ಕಾಚಾರ

ಇಂಗ್ಲೆಂಡಿನ ಫುಟ್‌ಬಾಲ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ಮುಂತಾದ ಶ್ರೀಮಂತ ಕ್ಲಬ್‌ಗಳು. ಆದರೆ ಪ್ರೀಮಿಯರ್ ಲೀಗಿನ 20 ಕ್ಲಬ್‌ಗಳ ಕೆಳಗೆ ಇನ್ನೂ ಮೂರು ದರ್ಜೆಗಳಲ್ಲಿ 72 ಕ್ಲಬ್‌ಗಳಿವೆ. ಅವುಗಳ ಕೆಳಗೆ ನ್ಯಾಷನಲ್ ಲೀಗ್ ಇದೆ. ಈ ಕ್ಲಬ್‌ಗಳ ಪೈಕಿ ಹಲವಕ್ಕೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಗೇಟಿನಲ್ಲಿ ಸಂಗ್ರಹವಾಗುವ ಹಣವೇ ಜೀವಾಳ. ಆದ್ದರಿಂದ ಟಿಕೆಟ್‌ಗೆ ಎಷ್ಟು ದರ ಇಡಬೇಕು ಎಂಬುದು ಅಲ್ಲಿ ಅಳಿವು ಉಳಿವಿನ ಪ್ರಶ್ನೆ.

2025ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ಅಂಕಿತ ಬಿದ್ದಿದ್ದು, ಮೇಲಿನ ಐದು ದರ್ಜೆಗಳ ಕ್ಲಬ್‌ಗಳು ಸ್ವತಂತ್ರ ನಿಯಂತ್ರಕರ ವ್ಯಾಪ್ತಿಗೆ ಒಳಪಟ್ಟಿವೆ. ಟಿಕೆಟ್ ದರದ ವಿಷಯದಲ್ಲಿ ಅಭಿಮಾನಿಗಳ ಅಭಿಪ್ರಾಯ ಕೇಳಬೇಕೆಂಬ ಅಂಶವೂ ಅದರಲ್ಲಿದೆ. ಕೇಳುವುದೇನೋ ಸರಿ. ಆದರೆ ಕೇಳಿದ ಮೇಲೆ ಕ್ಲಬ್ ಯಾವ ಆಧಾರದ ಮೇಲೆ ದರ ನಿಗದಿಪಡಿಸಬೇಕು?

ಗೇಟನ್ನೇ ನಂಬಿದ ಬದುಕು

1983ರವರೆಗೆ ಲೀಗ್ ಪಂದ್ಯದ ಗೇಟ್ ಹಣದಲ್ಲಿ ಎದುರಾಳಿ ಕ್ಲಬ್ಬಿಗೂ ಪಾಲು ಸಲ್ಲುತ್ತಿತ್ತು. ಆ ವರ್ಷ ಈ ಪದ್ಧತಿ ರದ್ದಾಗಿ, ಆತಿಥೇಯ ಕ್ಲಬ್ಬೇ ಪೂರ್ತಿ ಹಣ ಇಟ್ಟುಕೊಳ್ಳುವಂತಾಯಿತು. ದೊಡ್ಡ ಊರಿನ ಕ್ಲಬ್ ಮತ್ತಷ್ಟು ಬೆಳೆಯಿತು. ಸಣ್ಣ ಊರಿನ ಕ್ಲಬ್ ತನ್ನ ಊರಿನ ಜನರನ್ನೇ ನೆಚ್ಚಬೇಕಾಯಿತು. ಕೆಳ ದರ್ಜೆಗಳ ಗೇಟ್ ರಕ್ಷಣೆಗೆಂದೇ ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳ ನೇರ ಪ್ರಸಾರಕ್ಕೆ ನಿರ್ಬಂಧವಿದೆ. 2024ರಲ್ಲಿ ಆರಂಭವಾದ ಐದು ವರ್ಷಗಳ ಟಿ.ವಿ. ಒಪ್ಪಂದದ ಮೊತ್ತ 93.5 ಕೋಟಿ ಪೌಂಡ್. ಮೂರು ದರ್ಜೆಗಳಿಗೆ ಹಂಚಿಕೆಯಾಗುವ ಈ ಹಣದಲ್ಲಿ ಸಿಂಹಪಾಲು ಎರಡನೇ ದರ್ಜೆಗೆ ಸಲ್ಲುತ್ತದೆ. ಕೆಳಗಿನವರಿಗೆ ಗೇಟಿನ ಅವಲಂಬನೆ ತಪ್ಪಿಲ್ಲ.

ಪ್ರೇಕ್ಷಕ ಕೊಟ್ಟ ಹಣವೆಲ್ಲ ಕ್ಲಬ್ಬಿಗೆ ಸೇರುವುದೂ ಇಲ್ಲ. ಟಿಕೆಟ್ ದರದಲ್ಲಿ ಶೇ. 20ರ ಮೌಲ್ಯವರ್ಧಿತ ತೆರಿಗೆ ಅಡಗಿರುತ್ತದೆ. 20 ಪೌಂಡ್ ಟಿಕೆಟ್ ಮಾರಿದರೆ ಕ್ಲಬ್ಬಿನ ಕೈಗೆ ಉಳಿಯುವುದು 16 ಪೌಂಡ್ 67 ಪೆನ್ಸ್ ಮಾತ್ರ.

ಸರಳ ಗಣಿತ, ಕಠಿಣ ನಿರ್ಧಾರ

ಹಣದ ಮುಗ್ಗಟ್ಟು ಎದುರಾದಾಗ ಕ್ಲಬ್ಬಿನ ಆಡಳಿತಕ್ಕೆ ಮೊದಲು ಹೊಳೆಯುವುದು ದರ ಏರಿಕೆ. ಕಾರಣ ಸ್ಪಷ್ಟ. ನಿಷ್ಠಾವಂತ ಅಭಿಮಾನಿ ಬೇರೆ ತಂಡಕ್ಕೆ ಹೋಗುವವನಲ್ಲ. ಗೊಣಗಿದರೂ ಬರುತ್ತಾನೆ ಎಂಬ ಭರವಸೆ.

ಒಂದು ಉದಾಹರಣೆ ನೋಡೋಣ. 20 ಪೌಂಡ್ ದರದಲ್ಲಿ 3,000 ಜನ ಬಂದರೆ ಒಟ್ಟು ಸಂಗ್ರಹ 60,000 ಪೌಂಡ್. ದರವನ್ನು 22ಕ್ಕೆ ಏರಿಸಿದಾಗ 273 ಜನ ಮನೆಯಲ್ಲೇ ಉಳಿದರೆ ಏರಿಕೆಯ ಲಾಭ ಪೂರ್ತಿ ಕರಗಿಹೋಗುತ್ತದೆ. ಇದಕ್ಕೆ ಪ್ರತಿಯಾಗಿ ದರವನ್ನು 15ಕ್ಕೆ ಇಳಿಸಿದರೆ ಅಷ್ಟೇ ಹಣ ಬರಲು 4,000 ಜನ ಬೇಕು. ಅಂದರೆ ದರ ಕಾಲು ಭಾಗ ಇಳಿದರೆ ಜನ ಮೂರನೇ ಒಂದು ಭಾಗ ಹೆಚ್ಚಬೇಕು.

ಇಲ್ಲಿಯೇ ಕ್ಲಬ್ ಕ್ಲಬ್ಬಿನ ನಡುವೆ ವ್ಯತ್ಯಾಸ ತಲೆದೋರುವುದು. 3,500 ಜನ ಹಿಡಿಸುವ ಕ್ರೀಡಾಂಗಣವುಳ್ಳ ಕ್ಲಬ್ ದರ ಕಡಿಮೆ ಮಾಡಿ ನಷ್ಟ ತುಂಬಿಕೊಳ್ಳುವುದು ಅಸಾಧ್ಯ. ಬಂದವರನ್ನು ಕೂರಿಸಲು ಜಾಗವೇ ಇರದು. ಆದರೆ 20 ಸಾವಿರ ಆಸನಗಳ ನಡುವೆ 5 ಸಾವಿರ ಜನ ಕೂರುವ ಕ್ಲಬ್ಬಿನ ಸ್ಥಿತಿ ಬೇರೆ. ಖಾಲಿ ಹೊರಟ ಬಸ್ಸಿನ ಸೀಟಿನಂತೆ, ಆ ದಿನ ಮಾರಾಟವಾಗದ ಕುರ್ಚಿಗೆ ಮರುದಿನ ಬೆಲೆ ಇರುವುದಿಲ್ಲ. ಅದನ್ನು ತುಂಬಲು ತಗಲುವ ಹೆಚ್ಚುವರಿ ಖರ್ಚೂ ಅತ್ಯಲ್ಪ. ಆದ್ದರಿಂದ ಪಕ್ಕದ ಊರಿನ ಕ್ಲಬ್ ಎಷ್ಟು ವಸೂಲಿ ಮಾಡುತ್ತಿದೆ ಎಂಬುದಕ್ಕಿಂತ ತನ್ನ ಅಂಗಳದಲ್ಲಿ ಎಷ್ಟು ಕುರ್ಚಿ ಖಾಲಿ ಇವೆ ಎಂಬುದನ್ನು ಮೊದಲು ಎಣಿಸಬೇಕು.

ಬ್ರಾಡ್‌ಫೋರ್ಡ್ ಕಲಿಸಿದ ಪಾಠ

ಇದಕ್ಕೆ ಉತ್ತಮ ನಿದರ್ಶನ ಯಾರ್ಕ್‌ಷೈರಿನ ಬ್ರಾಡ್‌ಫೋರ್ಡ್ ಸಿಟಿ. 2001ರವರೆಗೆ ಪ್ರೀಮಿಯರ್ ಲೀಗಿನಲ್ಲಿದ್ದ ಈ ಕ್ಲಬ್ ಮಿತಿಮೀರಿದ ಖರ್ಚಿನಿಂದಾಗಿ 2002 ಮತ್ತು 2004ರಲ್ಲಿ ಎರಡು ಬಾರಿ ದಿವಾಳಿಯ ಅಂಚಿಗೆ ಬಂದು, 2007ರಲ್ಲಿ ನಾಲ್ಕನೇ ದರ್ಜೆಗೆ ಕುಸಿಯಿತು. ಸುಮಾರು 25 ಸಾವಿರ ಜನ ಹಿಡಿಸುವ ವ್ಯಾಲಿ ಪರೇಡ್ ಕ್ರೀಡಾಂಗಣ ಭಣಗುಡುವ ಎಲ್ಲ ಲಕ್ಷಣಗಳಿದ್ದವು.

ಆಗ ಕ್ಲಬ್ ಸೀಸನ್ ಟಿಕೆಟ್ ದರವನ್ನು 138 ಪೌಂಡ್‌ಗೆ ಇಳಿಸಿತು. ತವರಿನಲ್ಲಿ 23 ಪಂದ್ಯ. ಅಂದರೆ ಪಂದ್ಯಕ್ಕೆ ಆರೇ ಪೌಂಡ್. ತಂಡ ಒಂದು ದರ್ಜೆ ಕೆಳಗಿಳಿದಿದ್ದರೂ ಪ್ರೇಕ್ಷಕರ ಸಂಖ್ಯೆ ಏರಿತು. ನಾಲ್ಕನೇ ದರ್ಜೆಯ ಪಂದ್ಯಗಳಿಗೆ ಸರಾಸರಿ 13 ಸಾವಿರಕ್ಕೂ ಹೆಚ್ಚು ಜನ ಬಂದರು. 2015ರಲ್ಲಿ 149 ಪೌಂಡ್ ದರ ಪ್ರಕಟಿಸಿದಾಗ 18 ಸಾವಿರಕ್ಕೂ ಅಧಿಕ ಸೀಸನ್ ಟಿಕೆಟ್‌ಗಳು ಮಾರಾಟವಾದವು. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ನಿಜವಾಯಿತು.

ಆದರೆ ಇದರಿಂದ ಕಣ್ಣುಮುಚ್ಚಿ ತೀರ್ಮಾನಕ್ಕೆ ಬರುವುದು ಸಲ್ಲದು. ಬ್ರಾಡ್‌ಫೋರ್ಡ್ ದೊಡ್ಡ ನಗರ. ಅಲ್ಲಿ ಖಾಲಿ ಕುರ್ಚಿಗಳಿದ್ದವು, ಅವುಗಳನ್ನು ತುಂಬಬಲ್ಲ ಜನರೂ ಇದ್ದರು. ಅಗ್ಗದ ಟಿಕೆಟ್ ತಂಡವನ್ನು ತಾನಾಗಿಯೇ ಗೆಲ್ಲಿಸಲೂ ಇಲ್ಲ. ಮುಂದಿನ ದರ್ಜೆಗೆ ಏರಲು ಕ್ಲಬ್ 2013ರವರೆಗೆ ಕಾಯಬೇಕಾಯಿತು. ಕಡಿಮೆ ದರ ತಂದುಕೊಟ್ಟದ್ದು ಗೆಲುವನ್ನಲ್ಲ, ಸೋಲಿನ ವರ್ಷಗಳಲ್ಲೂ ಕೈಬಿಡದ ಜನರನ್ನು. ಕೆಳ ಲೀಗಿನಲ್ಲಿ ಇದು ಸಣ್ಣ ಸಾಧನೆಯೇನಲ್ಲ.

ಉಚಿತವೋ, ಕೊಟ್ಟಷ್ಟೋ?

ದರ ಇಳಿಸುವುದು ಒಳ್ಳೆಯದಾದರೆ ದರವನ್ನೇ ತೆಗೆದುಹಾಕಬಾರದೇಕೆ? ಈ ಪ್ರಯೋಗವೂ ನಡೆದಿದೆ. 2010ರ ಫೆಬ್ರುವರಿಯಲ್ಲಿ ಐದನೇ ದರ್ಜೆಯಲ್ಲಿದ್ದ ಮ್ಯಾನ್ಸ್‌ಫೀಲ್ಡ್ ಟೌನ್, ಗೇಟ್ಸ್‌ಹೆಡ್ ವಿರುದ್ಧದ ಪಂದ್ಯಕ್ಕೆ ಇಷ್ಟಬಂದಷ್ಟು ಕೊಟ್ಟು ಬನ್ನಿ ಎಂದು ಆಹ್ವಾನಿಸಿತು. 7 ಸಾವಿರಕ್ಕೂ ಹೆಚ್ಚು ಜನ ಬಂದರು. ಸ್ಕಾಟ್ಲೆಂಡಿನ ಪುಟ್ಟ ಕ್ಲಬ್ ಆಲ್ಬಿಯನ್ ರೋವರ್ಸ್ 2014ರಲ್ಲಿ ಕನಿಷ್ಠ 10 ಪೌಂಡ್ ನಿಗದಿಪಡಿಸಿ, ಶಕ್ತ್ಯಾನುಸಾರ ಹಣ ನೀಡುವ ಸೀಸನ್ ಟಿಕೆಟ್ ಜಾರಿಗೆ ತಂದಿತು. ಆ ಋತುವಿನಲ್ಲಿ ಅದು ತನ್ನ ಲೀಗನ್ನೂ ಗೆದ್ದಿತು.

2023ರಲ್ಲಿ ಜರ್ಮನಿಯ ಎರಡನೇ ದರ್ಜೆಯಲ್ಲಿ ಆಡುತ್ತಿದ್ದ ಫೋರ್ಟುನಾ ಡಸ್ಸೆಲ್‌ಡಾರ್ಫ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಲವು ತವರು ಪಂದ್ಯಗಳಿಗೆ ಉಚಿತ ಪ್ರವೇಶ ಘೋಷಿಸಿತು. ಅಕ್ಟೋಬರಿನಲ್ಲಿ ಕೈಸರ್ಸ್‌ಲಾಟರ್ನ್ ವಿರುದ್ಧ ನಡೆದ ಮೊದಲ ಉಚಿತ ಪಂದ್ಯಕ್ಕೆ ಕ್ರೀಡಾಂಗಣ ಕಿಕ್ಕಿರಿದಿತ್ತು. ತಂಡ 0-3ರ ಹಿನ್ನಡೆಯಿಂದ ಚೇತರಿಸಿಕೊಂಡು 4-3ರಿಂದ ಗೆದ್ದಿತು. ಆದರೆ ಅಲ್ಲಿ ಟಿಕೆಟಿನ ಹಣವನ್ನು ದೊಡ್ಡ ಪ್ರಾಯೋಜಕ ಕಂಪೆನಿಗಳು ತುಂಬಿಕೊಟ್ಟಿದ್ದವು ಎಂಬುದನ್ನು ಮರೆಯುವಂತಿಲ್ಲ. ಅಂತಹ ಪ್ರಾಯೋಜಕರು ನಾಲ್ಕನೇ ದರ್ಜೆಯ ಕ್ಲಬ್ಬಿಗೆ ಸಿಗುವುದು ಅಪರೂಪ. ಪುಕ್ಕಟೆ ಟಿಕೆಟಿಗೆ ಇನ್ನೊಂದು ತೊಡಕೂ ಇದೆ. ಹಣ ಕೊಡದವನು ಮಳೆ ಬಂದರೆ ಮನೆಯಲ್ಲೇ ಉಳಿಯುತ್ತಾನೆ. ಕೈಯಿಂದ ಕೊಟ್ಟ ಐದು ಪೌಂಡ್ ಅವನನ್ನು ಕೊಡೆ ಹಿಡಿದು ಹೊರಡಿಸುತ್ತದೆ.

ಹಾಗಾದರೆ ದರ ಹೇಗಿರಬೇಕು?

ಈ ಎಲ್ಲ ಅನುಭವಗಳನ್ನು ಒರೆಗೆ ಹಚ್ಚಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರಿಯಾಯಿತಿ ಸೀಸನ್ ಟಿಕೆಟ್ಟಿನಿಂದಲೇ ಆರಂಭವಾಗಬೇಕು. ಬೇಸಿಗೆಯಲ್ಲಿ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಆಟಗಾರರ ಸಂಬಳಕ್ಕೆ ಒದಗುವುದು ಆ ಹಣ. ಎರಡನೆಯದಾಗಿ, ಇಳಿಸಿದ ದರ ಹಲವು ವರ್ಷ ನಿಲ್ಲಬೇಕು. ಒಂದು ದಿನದ ಅಗ್ಗದ ಟಿಕೆಟ್ ಜಾತ್ರೆಯ ಜನರನ್ನು ತರುತ್ತದೆ, ರೂಢಿಯನ್ನು ತರುವುದಿಲ್ಲ.

ಮೂರನೆಯದಾಗಿ, ಮಕ್ಕಳ ಟಿಕೆಟ್ಟಿನಲ್ಲಿ ಲಾಭ ಹುಡುಕಬಾರದು. ಇಂದು ಅಪ್ಪನ ಜೊತೆ ಬಂದ ಹತ್ತು ವರ್ಷದ ಹುಡುಗಿ ಮುಂದಿನ ನಲವತ್ತು ವರ್ಷಗಳ ಗಿರಾಕಿ. ನಾಲ್ಕನೆಯದಾಗಿ, ಹಿಂದಿನ ಟೂರಿಂಗ್ ಟಾಕೀಸಿನ ನೆಲ, ಬೆಂಚು, ಕುರ್ಚಿಗಳಂತೆ ದರಗಳಲ್ಲಿ ತಾರತಮ್ಯ ಇರಲಿ. ಅನುಕೂಲಸ್ಥರು ನಡುವಿನ ಆಸನಕ್ಕೆ ಹೆಚ್ಚು ಕೊಡಲಿ. ಗೋಲಿನ ಹಿಂಬದಿಯ ಜಾಗ ಅಗ್ಗವಾಗಿರಲಿ. ಆದರೆ ದರಪಟ್ಟಿ ಋತುವಿನ ಆರಂಭದಲ್ಲೇ ಪ್ರಕಟವಾಗಬೇಕು. 2012ರಲ್ಲಿ ಡರ್ಬಿ ಕೌಂಟಿ ಕ್ಲಬ್ ಅಳವಡಿಸಿಕೊಂಡಂತೆ ಬೇಡಿಕೆಗೆ ತಕ್ಕಂತೆ ದರ ಬದಲಿಸುವ ವ್ಯವಸ್ಥೆ, ಕುರ್ಚಿಗಳು ಖಾಲಿ ಬೀಳುವ ಊರಿನಲ್ಲಿ ಅನುಮಾನವನ್ನಷ್ಟೇ ಬೆಳೆಸೀತು. ಪ್ರವಾಸಿ ತಂಡದ ಅಭಿಮಾನಿಗಳಿಗೆ ಸಮಾನ ಆಸನಕ್ಕೆ ತವರಿನವರಿಗಿಂತ ಹೆಚ್ಚು ವಸೂಲಿ ಮಾಡಬಾರದೆಂಬ ಲೀಗಿನ ನಿಯಮವೂ ಇದೇ ವಿಶ್ವಾಸವನ್ನು ಕಾಯುವಂಥದ್ದು.

ಅಂಗಳ ಚಿಕ್ಕದಾಗಿದ್ದು ಪ್ರತಿ ವಾರ ತುಂಬುತ್ತಿದ್ದರೆ ಮಾತ್ರ ದರ ಏರಿಕೆ ನ್ಯಾಯಸಮ್ಮತ. ಆಗಲೂ ವೃದ್ಧರು, ವಿದ್ಯಾರ್ಥಿಗಳು ಹಾಗೂ ನಿರುದ್ಯೋಗಿಗಳಿಗೆ ಒಂದಿಷ್ಟು ಜಾಗ ಮೀಸಲಿಡಬೇಕು.

ಟಿಕೆಟ್ ದರವೊಂದೇ ಯಾವ ಕ್ಲಬ್ಬನ್ನೂ ಉಳಿಸಲಾರದು ಎಂಬುದನ್ನೂ ಹೇಳಲೇಬೇಕು. 1885ರಲ್ಲಿ ಸ್ಥಾಪನೆಯಾದ ಬರಿ ಕ್ಲಬ್ 2019ರ ಬೇಸಿಗೆಗೆ ಮುನ್ನ ಮೂರನೇ ದರ್ಜೆಗೆ ಬಡ್ತಿ ಪಡೆದು, ಅದೇ ಆಗಸ್ಟ್ 27ರಂದು ಹಣಕಾಸಿನ ಕಾರಣಕ್ಕಾಗಿ ಲೀಗಿನಿಂದ ಉಚ್ಚಾಟಿತವಾಯಿತು. ಆದಾಯಕ್ಕೆ ಮೀರಿ ಸಾಲ ಮಾಡಿದ ಕ್ಲಬ್ಬಿಗೆ ಎಷ್ಟೇ ಟಿಕೆಟ್ ಮಾರಿದರೂ ಅಷ್ಟೇ. ಆದರೆ ಕ್ಲಬ್ ಮುಳುಗಿದಾಗ ಮಾಲೀಕರು ಬೇರೆ ವ್ಯವಹಾರ ನೋಡಿಕೊಳ್ಳುತ್ತಾರೆ. ಶನಿವಾರದ ಮಧ್ಯಾಹ್ನ ಬರಿದಾಗುವುದು ಗೇಟಿನಲ್ಲಿ ಸಾಲು ನಿಂತವರಿಗೆ. ದರಪಟ್ಟಿ ಬರೆಯುವವರು ಮೊದಲು ನೆನೆಯಬೇಕಾದದ್ದು ಆ ಸಾಲಿನಲ್ಲಿ ಇರುವವರನ್ನು. ಅವರಷ್ಟೇ ಮುಖ್ಯವಾಗಿ, ದರ ಕೇಳಿ ಹಿಂದಿರುಗಿದವರನ್ನು.