ಗೃಹೋಪಕರಣ ವಿಚಾರ: ಗೋಡೆಯನ್ನು ನೋಡಿ ಬೈರಿಗೆಯನ್ನು ಕೊಳ್ಳಿರಿ

ಮನೆಯನ್ನು ಕಟ್ಟಿ ನೋಡಿದವರಿಗೆ, ಅದರ ಕೆಲಸವು ಗೃಹಪ್ರವೇಶದೊಡನೆ ಮುಗಿಯುವುದಿಲ್ಲವೆಂಬುದು ತಿಳಿದೇ ಇರುವುದು. ಪರದೆಯ ಸರಳನ್ನು ನಿಲ್ಲಿಸಬೇಕು; ದೇವರ ಪಟವನ್ನು ತೂಗಹಾಕಬೇಕು; ಪುಸ್ತಕಗಳಿಗೆ ಹಲಗೆಯನ್ನು ಜೋಡಿಸಬೇಕು; ಸಡಿಲವಾದ ಬಾಗಿಲಿನ ಕೀಲನ್ನು ಬಿಗಿಮಾಡಬೇಕು. ಇಂಥ ಅಲ್ಪಕಾರ್ಯಗಳಿಗಾಗಿ ಬಡಗಿಯು ತನ್ನ ದೊಡ್ಡ ಕೆಲಸವನ್ನು ಬಿಟ್ಟು ಬರುವುದು ಅಪೂರ್ವ. ಆದುದರಿಂದ ಅನೇಕ ಗೃಹಸ್ಥರು ಬ್ಯಾಟರಿಯಿಂದ ನಡೆಯುವ ಸಣ್ಣ ವಿದ್ಯುತ್ ಬೈರಿಗೆಯೊಂದನ್ನು ತಾವೇ ಕೊಂಡಿಟ್ಟುಕೊಳ್ಳುವರು. ಅಂಗಡಿಯಲ್ಲಿ ಅವರಿಗೆ ಡ್ರಿಲ್ ಮತ್ತು ಇಂಪ್ಯಾಕ್ಟ್ ಡ್ರೈವರ್ ಎಂಬ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ತೋರಿಸುವುದುಂಟು. ಎರಡೂ ಬೇಕೇ? ಒಂದೇ ಸಾಕೇ? ಸಾಕಾದರೆ ಯಾವುದು? ಇದನ್ನೇ ಈ ತಿಂಗಳು ವಿಚಾರಿಸೋಣ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಈ ಆಯ್ಕೆಯನ್ನು ಅಂಗಡಿಗೆ ಹೋಗುವುದಕ್ಕೆ ಮುಂಚೆ, ಮನೆಯ ಗೋಡೆಯ ಮುಂದೆ ನಿಂತು ಮಾಡತಕ್ಕದ್ದು. ಮೇಲೆ ಹೇಳಿದ ಜೋಡಿಯ ಪ್ರಶಂಸೆಯು ಬಹುಮಟ್ಟಿಗೆ ಅಮೆರಿಕೆಯಿಂದ ಬಂದುದು. ಅಲ್ಲಿಯ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿನವು. ಒಳಗೋಡೆಗೆ ಜಿಪ್ಸಂ ಹಲಗೆಗಳನ್ನು ಹೊದಿಸಿರುವರು. ಮರಕ್ಕೆ ತಿರುಪುಮೊಳೆಯನ್ನು ಇಳಿಸುವುದೇ ಅಲ್ಲಿ ನಿತ್ಯದ ಕೆಲಸ. ನಮ್ಮಲ್ಲಿ ಗೋಡೆಯು ಇಟ್ಟಿಗೆಯದು, ಜಂಬಿಟ್ಟಿಗೆಯದು, ಕಲ್ಲಿನದು, ಇಲ್ಲವೆ ಕಾಂಕ್ರೀಟಿನದು. ಅಲ್ಲಿಗೆ ಹಿತವಾದುದೆಲ್ಲವೂ ಇಲ್ಲಿಗೂ ಹಿತವಾಗಬೇಕೆಂಬ ನಿಯಮವಿಲ್ಲ.

ಈ ಯಂತ್ರಗಳ ವಂಶಾವಳಿಯನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಕೈಯಲ್ಲಿ ಹಿಡಿದು ಒಯ್ಯಬಹುದಾದ ವಿದ್ಯುತ್ ಬೈರಿಗೆಯನ್ನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಸಂಸ್ಥೆಯವರು 1895ರಲ್ಲಿ ನಿರ್ಮಿಸಿದರು. ತಂತಿಯ ಬಂಧನವನ್ನು ಕಳಚಿದ ಬೈರಿಗೆಯನ್ನು 1961ರಲ್ಲಿ ಅಮೆರಿಕೆಯ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯವರು ಹೊರತಂದರು. ಅಂದಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಭಾರವಾಗಿದ್ದುವು, ಬಲವು ಸಾಲದಾಗಿತ್ತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯು ಕೆಲವು ವರ್ಷಗಳ ತರುವಾಯ ಬಡಗಿಯ ಉಪಕರಣಗಳನ್ನೂ ಪ್ರವೇಶಿಸಿತು. ಇಂದು ಒಂದು ಕಿಲೋಗ್ರಾಮಿನಷ್ಟೇ ತೂಗುವ ಬೈರಿಗೆಯು ಮನೆಗೆಲಸಕ್ಕೆ ಒದಗುವುದು ಇದರಿಂದಲೇ.

ಇನ್ನು ಒಂದೊಂದರ ಗುಣವನ್ನು ನೋಡೋಣ. ಸಾಮಾನ್ಯ ಡ್ರಿಲ್ ಅಲಗನ್ನು ತಿರುಗಿಸುವುದು, ಅಷ್ಟೆ. ಅದರ ಮೂತಿಯ ಹಿಂದೆ ಅಂಕೆಗಳನ್ನು ಕೆತ್ತಿದ ಬಳೆಯೊಂದುಂಟು. ತಿರುಪುಮೊಳೆಯು ಗೊತ್ತುಮಾಡಿದಷ್ಟು ಬಿಗಿಯಾದೊಡನೆ ಅದು ಜಾರಿಕೊಟ್ಟು, ಮೊಳೆಯ ತಲೆಯು ಮರದೊಳಗೆ ಹೂತುಹೋಗದಂತೆ ಕಾಯುವುದು. ಹೊಸಬರ ಕೈಗೆ ಇದು ದೊಡ್ಡ ರಕ್ಷೆ.

ಹ್ಯಾಮರ್ ಡ್ರಿಲ್ ತಿರುಗುವುದರ ಜೊತೆಗೆ ಮುಂದಕ್ಕೆ ಬಡಿಯುವುದು. ಹಲ್ಲುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಹಾರುವುದರಿಂದ, ನಿಮಿಷಕ್ಕೆ ಸಾವಿರಾರು ಸಣ್ಣ ಪೆಟ್ಟುಗಳು ಅಲಗಿನ ತುದಿಗೆ ಸಲ್ಲುವುವು. ಪೆಟ್ಟು ಸಣ್ಣದಾದರೂ ಇಟ್ಟಿಗೆಗೆ ಸಾಕು. ಬೇಡವಾದಾಗ ಈ ಬಡಿತವನ್ನು ನಿಲ್ಲಿಸಿ ಸಾಮಾನ್ಯ ಡ್ರಿಲ್ಲಿನಂತೆ ಬಳಸಬಹುದು.

ಇಂಪ್ಯಾಕ್ಟ್ ಡ್ರೈವರ್ ಬೇರೆಯೇ ಜಾತಿಯದು. ಮೊಳೆಯು ಸುಲಭವಾಗಿ ಇಳಿಯುವ ತನಕ ಅದು ಸುಮ್ಮನೆ ತಿರುಗುವುದು. ತಡೆಯು ಹೆಚ್ಚಿದೊಡನೆ ಒಳಗಿನ ಸುತ್ತಿಗೆಯು ಸ್ಪ್ರಿಂಗನ್ನು ಅದುಮಿಕೊಂಡು ಹಿಂಜರಿದು, ಬಿಡಿಸಿಕೊಂಡು, ಅಡಿಗಲ್ಲಿನಂಥ ತುಂಡಿನ ಪಕ್ಕಕ್ಕೆ ಹೊಡೆಯುವುದು. ನಿಮಿಷಕ್ಕೆ ಮೂರು ಸಾವಿರಕ್ಕೆ ಮೇಲ್ಪಟ್ಟು ಹೀಗೆ ನಡೆಯುವುದು. ಬಳಸುವವನ ಮಣಿಕಟ್ಟು ತಿರುಚುವುದಿಲ್ಲ. ಉದ್ದವಾದ ಮೊಳೆಯು ಗಟ್ಟಿ ಮರದಲ್ಲಿಯೂ ಇಳಿಯುವುದು. 18 ವೋಲ್ಟಿನ ಸಣ್ಣ ಡ್ರಿಲ್ಲಿನ ತಿರುಗುಬಲವು ಸುಮಾರು 50 ನ್ಯೂಟನ್ ಮೀಟರ್ ಇದ್ದರೆ, ಅದೇ ವೋಲ್ಟಿನ ಇಂಪ್ಯಾಕ್ಟ್ ಡ್ರೈವರಿನದು 150ನ್ನು ಮುಟ್ಟುವುದು. ಆದರೆ ಈ ಪೆಟ್ಟೆಲ್ಲವೂ ತಿರುಗುವ ದಿಕ್ಕಿನಲ್ಲಿ ಬೀಳತಕ್ಕದ್ದು. ಗೋಡೆಯೊಳಕ್ಕೆ ನೂಕುವ ಪೆಟ್ಟು ಒಂದೂ ಇಲ್ಲ. ಜಾರುವ ಬಳೆಯೂ ಸಾಮಾನ್ಯವಾಗಿ ಇದಕ್ಕಿಲ್ಲವಾದ್ದರಿಂದ ಸಣ್ಣ ಮೊಳೆಗಳ ಕತ್ತು ಮುರಿಯುವ ಸಂಭವವುಂಟು. ಇದರ ಸದ್ದೂ ಕರ್ಕಶ. ಕಿವಿಗೆ ರಕ್ಷೆ ಬೇಕು.

ಇಲ್ಲಿ ಒಂದು ಹೆಸರಿನ ಗೊಂದಲವನ್ನು ವಾಚಕರು ಗಮನಿಸಬೇಕು. ನಮ್ಮ ಅಂಗಡಿಗಳಲ್ಲಿ ಇಂಪ್ಯಾಕ್ಟ್ ಡ್ರಿಲ್ ಎಂದು ಮಾರುವುದು ಹ್ಯಾಮರ್ ಡ್ರಿಲ್ಲನ್ನೇ. ಅದು ಗೋಡೆಗೆ ಸಲ್ಲುವುದು. ಇಂಪ್ಯಾಕ್ಟ್ ಡ್ರೈವರ್ ಗೋಡೆಗೆ ಸಲ್ಲದು. ಒಂದು ಪದದ ವ್ಯತ್ಯಾಸದಿಂದ ಸಾವಿರಾರು ರೂಪಾಯಿಗಳು ವ್ಯರ್ಥವಾಗಬಹುದು. ಹಣವನ್ನು ಕೊಡುವ ಮುನ್ನ ಯಂತ್ರದ ಮೇಲೆ ಸುತ್ತಿಗೆಯ ಚಿಹ್ನೆಯೂ, ಅಲಗನ್ನು ಹಿಡಿಯುವ ಮೂರು ದವಡೆಗಳ ಬಾಯಿಯೂ ಇವೆಯೇ ಎಂದು ನೋಡಿರಿ. ಆರು ಮೂಲೆಯ ಸಣ್ಣ ರಂಧ್ರ ಮಾತ್ರವಿದ್ದರೆ ಅದು ಡ್ರೈವರ್.

ಗೋಡೆಯ ವಿಚಾರಕ್ಕೆ ಬರೋಣ. ಇಟ್ಟಿಗೆಗೂ ಕರಾವಳಿಯ ಜಂಬಿಟ್ಟಿಗೆಗೂ ಸಣ್ಣ ಹ್ಯಾಮರ್ ಡ್ರಿಲ್ ಧಾರಾಳವಾಗಿ ಸಾಕು. ಕಾರ್ಬೈಡ್ ತುದಿಯ 6 ಮತ್ತು 8 ಮಿಲಿಮೀಟರಿನ ಅಲಗುಗಳನ್ನು ಇಟ್ಟುಕೊಂಡರೆ ಬಹುತೇಕ ಕೆಲಸಗಳು ಸಾಗುವುವು. ಈಚಿನ ಕಟ್ಟಡಗಳ ಹಗುರವಾದ ಎ.ಎ.ಸಿ. ಇಟ್ಟಿಗೆಗೆ ಬಡಿತವೇ ಬೇಡ. ಬಡಿದರೆ ರಂಧ್ರವು ಅಗಲವಾಗಿ ಹಿಡಿತವು ತಪ್ಪುವುದು. ಸ್ನಾನಗೃಹದ ಹೊಳಪು ಬಿಲ್ಲೆಯನ್ನೂ ಬಡಿತವಿಲ್ಲದೆಯೇ ದಾಟಬೇಕು, ಇಲ್ಲವಾದರೆ ಬಿರುಕು ಬಿಡುವುದು. ಕಾಂಕ್ರೀಟಿನ ತೊಲೆ, ಗ್ರಾನೈಟ್ ಕಲ್ಲು ಇವುಗಳ ಮುಂದೆ ಸಣ್ಣ ಯಂತ್ರವು ಅಲಗನ್ನು ಸುಡುವುದಲ್ಲದೆ ಹೆಚ್ಚೇನೂ ಸಾಧಿಸದು. ಅದಕ್ಕೆ ಗಾಳಿಯ ಒತ್ತಡದಿಂದ ಬಲವಾಗಿ ಹೊಡೆಯುವ ರೋಟರಿ ಹ್ಯಾಮರ್ ಬೇಕು. ವರ್ಷಕ್ಕೆರಡು ರಂಧ್ರಗಳಿಗಾಗಿ ಅದನ್ನು ಕೊಳ್ಳುವುದಕ್ಕಿಂತ, ಅದು ಉಳ್ಳ ಕೆಲಸಗಾರನನ್ನು ಕರೆಯುವುದು ಮೇಲು.

ರಂಧ್ರವಾದ ಮಾತ್ರಕ್ಕೆ ಕೆಲಸವಾಗಲಿಲ್ಲ. ಮೊಳೆಯನ್ನು ಹಿಡಿಯುವುದು ಒಳಗಿನ ಬೆಣೆ. ಇದನ್ನು ನಮ್ಮ ಕೆಲಸಗಾರರು ಇಂದಿಗೂ ರಾಲ್ ಪ್ಲಗ್ ಎನ್ನುವುದುಂಟು. 1911ರಲ್ಲಿ ಲಂಡನ್ನಿನ ಜಾನ್ ರಾಲಿಂಗ್ಸ್ ಎಂಬವರು ಕಂಡುಹಿಡಿದುದರಿಂದ ಬಂದ ಹೆಸರಿದು. ಬೆಣೆಯು ಗಾರೆಯನ್ನು ದಾಟಿ ಇಟ್ಟಿಗೆಯಲ್ಲಿ ನೆಲೆಸಬೇಕು. ಗಾರೆಯಲ್ಲಿಯೇ ನಿಂತರೆ ಹಲಗೆಯು ಪುಸ್ತಕಗಳ ಸಮೇತ ಒಂದು ದಿನ ಕೆಳಗಿಳಿಯುವುದು, ಕೆಳಗೆ ಮಗುವು ಆಡುತ್ತಿರಬಹುದು. ತೊಟ್ಟಿಲು, ಉಯ್ಯಾಲೆ, ಬೀಸಣಿಗೆ ಇವುಗಳನ್ನು ಚಾವಣಿಯ ಬೆಣೆಗೆ ಎಂದಿಗೂ ತೂಗಹಾಕಕೂಡದು; ಕಟ್ಟುವಾಗಲೇ ಹುದುಗಿಸಿದ ಕೊಕ್ಕೆಯೇ ಅವುಗಳಿಗೆ ಯೋಗ್ಯ.

ಬ್ಯಾಟರಿಯ ಅಂಕೆಗಳಿಗೆ ಮರುಳಾಗಬೇಡಿರಿ. ಲಿಥಿಯಂ ಕೋಶವೊಂದರ ಸಾಮಾನ್ಯ ಒತ್ತಡವು 3.6 ವೋಲ್ಟು, ಪೂರ್ಣವಾಗಿ ತುಂಬಿದಾಗ ಸುಮಾರು 4 ವೋಲ್ಟು. ಐದು ಕೋಶಗಳುಳ್ಳದ್ದನ್ನು ಒಬ್ಬರು 18 ಎನ್ನುವರು, ಇನ್ನೊಬ್ಬರು 20 ಎನ್ನುವರು, ವಸ್ತು ಒಂದೇ. ಹಾಗೆಯೇ ಮೂರು ಕೋಶಗಳ 12 ವೋಲ್ಟೆಂಬುದು ವಾಸ್ತವದಲ್ಲಿ 10.8. ಸಣ್ಣಪುಟ್ಟ ಕೆಲಸಕ್ಕೆ 12ರ ಯಂತ್ರವು ಹಗುರ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿಯುವವರಿಗೂ ವೃದ್ಧರಿಗೂ ಅನುಕೂಲ. ಇಟ್ಟಿಗೆಯನ್ನು ಮೇಲಿಂದ ಮೇಲೆ ಕೊರೆಯುವವರು 18ನ್ನೇ ಆರಿಸಲಿ. ಒಂದು ಸಂಸ್ಥೆಯ ಬ್ಯಾಟರಿಯು ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಹೊಂದದು. ಆದುದರಿಂದ ಮೊದಲ ಯಂತ್ರವನ್ನು ಕೊಳ್ಳುವಾಗಲೇ, ನಿಮ್ಮ ಊರಿನಲ್ಲಿ ಯಾರ ಬ್ಯಾಟರಿಯೂ ದುರಸ್ತಿಯೂ ಸುಲಭವಾಗಿ ದೊರೆಯುವುವೆಂದು ವಿಚಾರಿಸಿರಿ.

ಅಮೆರಿಕೆಯಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಯಂತ್ರದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಅಲ್ಲಿಯ ವಿದ್ಯುತ್ತು 120 ವೋಲ್ಟಿನದು, ನಮ್ಮದು 230. ಚಾರ್ಜರಿನ ಮೇಲೆ ಎರಡನ್ನೂ ಒಪ್ಪುವ ಬರಹವಿಲ್ಲದಿದ್ದರೆ, ನೇರವಾಗಿ ಸಿಕ್ಕಿಸಿದ ಕೂಡಲೆ ಅದು ಸುಟ್ಟುಹೋಗಬಹುದು.

ಸುರಕ್ಷತೆಯ ಮಾತನ್ನು ಹೇಳದೆ ಮುಗಿಸಲಾರೆವು. ಸ್ವಿಚ್ಚಿನ ಹಲಗೆಯ ಮೇಲೂ ಕೆಳಗೂ ಪಕ್ಕದ ನೇರದಲ್ಲಿಯೂ ತಂತಿಗಳು, ನಲ್ಲಿಯ ನೇರದಲ್ಲಿ ಕೊಳವೆಗಳು ಗೋಡೆಯೊಳಗೆ ಹಾದಿರುವುವು, ಅಲ್ಲಿ ಕೊರೆಯಬೇಡಿರಿ. ಬ್ಯಾಟರಿಯ ಯಂತ್ರದಲ್ಲಿ ಒಂದು ಮಹೋಪಕಾರವುಂಟು: ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ, ಹಗಲಿನ ಬೆಳಕಿನಲ್ಲಿ ಕೊರೆಯಬಹುದು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಲಿ. ಗೋಡೆಯ ಧೂಳು ಶ್ವಾಸಕೋಶಕ್ಕೆ ಕೇಡು. ಕೆಟ್ಟ ಬ್ಯಾಟರಿಯನ್ನು ಕಸಕ್ಕೆ ಎಸೆಯದೆ ಸಂಗ್ರಹಿಸುವವರಿಗೆ ಒಪ್ಪಿಸಿರಿ. ಅದು ಬೆಂಕಿಗೆ ಕಾರಣವಾಗಬಲ್ಲುದು.

ಒಟ್ಟಿನಲ್ಲಿ, ಗಾರೆಗೋಡೆಯ ಮನೆಯ ಗೃಹಸ್ಥರು ಮೊದಲು ಹ್ಯಾಮರ್ ಉಳ್ಳ ಸಣ್ಣ ಡ್ರಿಲ್ಲೊಂದನ್ನೂ ಎರಡು ಬ್ಯಾಟರಿಗಳನ್ನೂ ಕೊಂಡು, ಒಂದು ವರ್ಷ ಬಳಸಿ ನೋಡಲಿ. ಮಂಚ, ಕಪಾಟು, ಮರದ ಮಾಡು ಇವುಗಳನ್ನು ತಾವೇ ಮಾಡುವ ಉತ್ಸಾಹವು ಅಷ್ಟರಲ್ಲಿ ಬೆಳೆದಿದ್ದರೆ, ಅದೇ ಬ್ಯಾಟರಿಗೆ ಹೊಂದುವ ಇಂಪ್ಯಾಕ್ಟ್ ಡ್ರೈವರನ್ನು ಬ್ಯಾಟರಿಯಿಲ್ಲದೆ ಕಡಿಮೆ ಬೆಲೆಗೆ ತರಬಹುದು. ಬೆಳೆಯದಿದ್ದರೆ ಆ ಹಣವು ಉಳಿಯಿತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದ ಹಿರಿಯರ ಮಾತು ಉಪಕರಣಗಳ ಪೆಟ್ಟಿಗೆಗೂ ಸಲ್ಲತಕ್ಕದ್ದೇ.