ಬಾಟಲಿ ಹಚ್ಚುವ ಮೊದಲು

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಜೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರಿಗೆ ಮೂತ್ರಪಿಂಡ ಕೈಕೊಟ್ಟಿತು. ನಾಲ್ವರು ಅದೇ ತಿಂಗಳು ತೀರಿಕೊಂಡರು. ಡಿಸೆಂಬರಿನಲ್ಲಿ ಸಾವಿನ ಸಂಖ್ಯೆ ಐದಕ್ಕೇರಿತು. ಸಂಶಯ ಬಿದ್ದದ್ದು ರಕ್ತನಾಳಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಔಷಧ ಪರೀಕ್ಷೆ ಎಂಬುದೇ ಅನ್ಯಾಯ ಎನ್ನುವವರಿಗೆ ಈ ಊರಿನಿಂದಲೇ ಉತ್ತರ ಹೇಳಬೇಕಿದೆ.

‘ಪ್ರಾಣಿಗಳ ಮೇಲಿನ ಪರೀಕ್ಷೆ ಹಿಂಸೆ, ಇವತ್ತೇ ನಿಲ್ಲಿಸಿ.’ ಹಿಂಸೆ ಹೌದು, ಅದನ್ನು ಮುಚ್ಚಿಡಬಾರದು. ಆದರೆ 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾ ಔಷಧವನ್ನು ವಿಷದ್ರವದಲ್ಲಿ ಕರಗಿಸಿ, ಯಾವ ಪ್ರಾಣಿಯ ಮೇಲೂ ಪರೀಕ್ಷಿಸದೆ ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಬದಲಿ ಇರುವ ಕಡೆ ಪ್ರಾಣಿಯನ್ನು ಬಿಡಲೇಬೇಕು. ಜೀವಕೋಶ, ಕಂಪ್ಯೂಟರ್ ಮಾದರಿಗಳ ವಿಧಾನಕ್ಕೆ ಭಾರತದ ನಿಯಮ 2023ರಲ್ಲೇ ದಾರಿ ತೆರೆದಿದೆ. ಬದಲಿ ಇಲ್ಲದ ಕಡೆ ಪರೀಕ್ಷೆಯನ್ನೇ ಬಿಟ್ಟರೆ ಆ ನೋವು ರೋಗಿಗೆ ವರ್ಗವಾಗುತ್ತದೆ, ಅಷ್ಟೇ.

‘ಪ್ರಾಣಿ ಬೇರೆ, ಮನುಷ್ಯ ಬೇರೆ, ಆ ಪರೀಕ್ಷೆ ವ್ಯರ್ಥ.’ ಅರ್ಧ ನಿಜ. 2006ರಲ್ಲಿ ಲಂಡನ್‌ನಲ್ಲಿ, ಮಂಗಗಳಿಗೆ ಗಂಭೀರ ಹಾನಿ ಮಾಡದ ಔಷಧವೊಂದು ಆರು ಯುವಕರನ್ನು ಸಾವಿನಂಚಿಗೆ ತಳ್ಳಿತು. ಆದರೆ ಸಿರುಗುಪ್ಪದ ಅಕ್ಕಿಯಲ್ಲಿ ಒಂದು ಕಲ್ಲು ನುಸುಳಿತೆಂದು ಯಾರೂ ಜರಡಿ ಎಸೆಯುವುದಿಲ್ಲ. ಇನ್ನೊಂದು ಸಣ್ಣ ಜರಡಿ ಹಿಡಿಯುತ್ತಾರೆ.

‘ಮನುಷ್ಯರ ಮೇಲಿನ ಪ್ರಯೋಗವೆಂದರೆ ಬಡವರ ಬಲಿ.’ ಈ ಭಯ ಸುಳ್ಳಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಯೋಗಗಳನ್ನು ಬಿಗಿಹಿಡಿಯಬೇಕಾಗಿ ಬಂದದ್ದೂ ಇದಕ್ಕೇ. ಆದರೆ 2019ರ ನಿಯಮಗಳಂತೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಭಾಗವಹಿಸುವವರ ಲಿಖಿತ ಸಮ್ಮತಿ ಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಲೇಬೇಕು, ಯಾವಾಗ ಬೇಕಾದರೂ ಹೊರಬರಬಹುದು. ಬಡವರನ್ನು ಕಾಯುವುದು ಈ ನಿಯಮಗಳ ಕಟ್ಟುನಿಟ್ಟಿನ ಪಾಲನೆ. ಪ್ರಯೋಗವನ್ನೇ ನಿಲ್ಲಿಸಿದರೆ ಬಡವರ ರೋಗಕ್ಕೆ ಹೊಸ ಔಷಧ ಹುಟ್ಟುವುದೇ ಇಲ್ಲ.

‘ಬಳ್ಳಾರಿಯದು ಹೊಸ ಔಷಧದ ಪ್ರಯೋಗವಲ್ಲ, ಹಳೆಯ ದ್ರಾವಣ, ಇಲ್ಲಿ ನೀತಿಯ ಮಾತೇಕೆ?’ ಇಲ್ಲೇ ಬೇಕು. ರಕ್ತಕ್ಕೆ ಸೇರುವ ದ್ರಾವಣದ ಪ್ರತಿ ಬ್ಯಾಚ್‌ನಲ್ಲೂ ಜ್ವರ ತರುವ ಬ್ಯಾಕ್ಟೀರಿಯಾ ವಿಷ ಇದೆಯೇ ಎಂದು ನೋಡಬೇಕು. ಒಂದು ಕಾಲಕ್ಕೆ ದ್ರಾವಣವನ್ನು ಮೊಲಗಳ ಕಿವಿನರಕ್ಕೆ ಚುಚ್ಚಿ, ಮೈಬಿಸಿ ಅಳೆದು ತಿಳಿಯುತ್ತಿದ್ದರು. ಆಮೇಲೆ ಕುದುರೆಲಾಳದ ಏಡಿಯ ನೀಲಿ ರಕ್ತ ಬಂತು; ಈಗ ಮನುಷ್ಯನ ರಕ್ತಕಣಗಳಿಂದಲೇ ಪ್ರಯೋಗಾಲಯದಲ್ಲಿ ಕಂಡುಹಿಡಿಯಬಹುದು. ಸಂಶಯದ ಬ್ಯಾಚನ್ನು ಪರೀಕ್ಷೆ ಮುಗಿಯದೆ ವಾರ್ಡಿಗೆ ಬಿಟ್ಟರೆ ಅದೂ ಪ್ರಯೋಗವೇ. ಅದಕ್ಕೆ ನೈತಿಕ ಸಮಿತಿಯಿಲ್ಲ, ಸಮ್ಮತಿಪತ್ರವಿಲ್ಲ.

ಕುರುಗೋಡಿನಿಂದ ಹೆರಿಗೆಗೆ ಬಳ್ಳಾರಿ ಬಸ್ಸು ಹತ್ತುವ ಹೆಣ್ಣುಮಗಳು ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆ ಓದುವುದಿಲ್ಲ. ಅದನ್ನು ಅವಳ ಪರವಾಗಿ ಓದಬೇಕಾದವರು ಮೊದಲೇ ಓದಿರಬೇಕು.